ರಾತ್ರಿ ಹತ್ತಕ್ಕೆ ಕೂರುವವರಿಗೆ ಫೈನಲ್ ಫ್ಯಾಂಟಸಿ 14 ಆಗುತ್ತಾ?

ವಿಜಯನಗರದಿಂದ, ಪ್ರಶ್ನೆ

ಕೆಲಸ ವೈಟ್‌ಫೀಲ್ಡ್‌ನಲ್ಲಿ, ಮನೆ ವಿಜಯನಗರದಲ್ಲಿ. ಮೆಟ್ರೊ ಇಳಿದು, ಊಟ ಮುಗಿಸಿ, ಮಗಳನ್ನು ಮಲಗಿಸಿ ಕಂಪ್ಯೂಟರ್ ಮುಂದೆ ಕೂರುವಷ್ಟರಲ್ಲಿ ಹತ್ತು ಗಂಟೆ. ಮೈಸೂರಿನಲ್ಲಿರುವ ನನ್ನ ಭಾವಮೈದನದೂ ಇದೇ ಕಥೆ. ಇಬ್ಬರೂ ಸೇರಿ ಆಡಲು ಒಂದು ಆನ್‌ಲೈನ್ ಆರ್‌ಪಿಜಿ, ಅಂದರೆ ಪಾತ್ರವೊಂದನ್ನು ಬೆಳೆಸುತ್ತಾ ಆಡುವ ಆಟ, ಹುಡುಕುತ್ತಿದ್ದೇವೆ. ಹಿಂದೊಮ್ಮೆ ಟ್ರೇಲರ್‌ಗೆ ಮರುಳಾಗಿ ಒಂದು ಆಟ ಕೊಂಡೆವು. ಯಾವುದು ಅಂತ ಬೇಡ ಬಿಡಿ. ಆರೇ ವಾರಕ್ಕೆ ಸರ್ವರ್ ಖಾಲಿ ಖಾಲಿ. ಊರ ನಡುವಿನ ಪೇಟೆಯಲ್ಲಿ ನಾವಿಬ್ಬರೇ ನಿಂತಿರುತ್ತಿದ್ದೆವು.

ಈಗ ಯಾರನ್ನು ಕೇಳಿದರೂ ಫೈನಲ್ ಫ್ಯಾಂಟಸಿ 14 ಅನ್ನುತ್ತಾರೆ. ಹೊಗಳಿಕೆಗೆ ತಕ್ಕಂತೆ ಇದೆಯಾ? ಬೆಂಗಳೂರಿನಿಂದ ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ, ಹೇಗೆ? ತಿಂಗಳ ಚಂದಾ ಕಟ್ಟಿದ್ದು ದಂಡ ಆಗಲ್ವಾ? ಆಡಿದವರು ಹೇಳಿ. ‘ಸೂಪರ್ ಗುರು’, ‘ವೇಸ್ಟ್ ಗುರು’ ಅಂತ ಎರಡೇ ಪದ ಹಾಕಿ ಹೋಗಬೇಡಿ ಪ್ಲೀಸ್.

ಬಸವನಗುಡಿಯಿಂದ

ನಾಲ್ಕು ವರ್ಷದಿಂದ ಆಡುತ್ತಿದ್ದೇನೆ. ಯಾವುದಕ್ಕೆ ಅಂತ ಒಳಗೆ ಹೋದೆನೋ ಅದು ಸಿಗಲು ಆರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಬೇರೆ ಯಾವುದಕ್ಕೋ ಅಂಟಿಕೊಂಡಿದ್ದೆ.

ಟ್ರೇಲರ್‌ನಲ್ಲಿ ಕಾಣುವುದು ಡ್ರ್ಯಾಗನ್, ಬೆಂಕಿ, ಯುದ್ಧ. ಆಟದಲ್ಲಿ ಶುರುವಿಗೆ ಸಿಗುವುದು ಪೋಸ್ಟ್‌ಮ್ಯಾನ್ ಕೆಲಸ. ಇವರ ಕಾಗದ ಅವರಿಗೆ, ಅವರ ಉತ್ತರ ಇವರಿಗೆ. 30ನೇ ಲೆವೆಲ್ ದಾಟಿದ ಮೇಲೆ ಟೈಟನ್ ಅನ್ನುವ ಬಂಡೆಯಂಥ ದೈತ್ಯನ ಕಥೆ ಬರುತ್ತದೆ. ಸರಿ, ಹೊಡೆಯೋಣ ಅಂತ ಎದ್ದರೆ, ಹಿಂದೆ ಅವನನ್ನು ಮಣಿಸಿದ ಹಳೇ ವೀರರು ಮೊದಲು ನಮಗೊಂದು ಔತಣ ಆಗಲಿ ಅನ್ನುತ್ತಾರೆ. ಆಮೇಲೆ ವೈನ್ ಎಲ್ಲಿ, ಚೀಸ್ ಎಲ್ಲಿ ಅಂತ ಊರೂರು ಅಲೆದಾಟ. ಲೋಕ ಉಳಿಸಲು ಬಂದವನ ಕೈಗೆ ಮದುವೆಮನೆ ಸಾಮಾನಿನ ಚೀಟಿ ಕೊಟ್ಟು ಕೆ.ಆರ್. ಮಾರ್ಕೆಟ್‌ಗೆ ಅಟ್ಟಿದ ಹಾಗೆ. 2020ರ ಆಗಸ್ಟ್‌ನಲ್ಲಿ ಬಂದ 5.3 ಪ್ಯಾಚ್‌ನಲ್ಲಿ ಈ ಮೊದಲ ಭಾಗದ ಎಷ್ಟೋ ಕ್ವೆಸ್ಟ್‌ಗಳನ್ನು, ಅಂದರೆ ಇಂಥ ಕೆಲಸಗಳನ್ನು, ಕತ್ತರಿಸಿದ್ದಾರೆ. ಕತ್ತರಿಸಿದ ಮೇಲೆ ಉಳಿದಿರುವುದೇ ಇಷ್ಟು.

ಹಾಗಾದರೆ ಜನ ಯಾಕೆ ಹೊಗಳುತ್ತಾರೆ? ಇದರ ಹಿಂದಿನ ಕಥೆ ಸ್ವಲ್ಪ ತಿಳಿದಿರಲಿ. 2010ರ ಸೆಪ್ಟೆಂಬರ್‌ನಲ್ಲಿ ಈ ಆಟ ಮೊದಲ ಸಲ ಬಂದಾಗ ನೆಲ ಕಚ್ಚಿತ್ತು. ಅಲಂಕಾರಕ್ಕೆ ಇಟ್ಟ ಒಂದು ಹೂಕುಂಡಕ್ಕೂ ಆಟಗಾರನ ಪಾತ್ರಕ್ಕೂ ಚಿತ್ರ ಕಟ್ಟುವ ಪಾಲಿಗನ್ ಒಂದೇ ಸಮ ಸುರಿದಿದ್ದರಂತೆ. ಇನ್ನು ಕಂಪ್ಯೂಟರ್ ಎಳೆಯುವುದು ಹೇಗೆ? ಅದೇ ವರ್ಷ ಡಿಸೆಂಬರ್‌ನಲ್ಲಿ ನಾವೊಕಿ ಯೋಶಿದಾ ಅನ್ನುವ ನಿರ್ದೇಶಕರ ಕೈಗೆ ಜವಾಬ್ದಾರಿ ಬಂತು. ಆತ ಹಳೆಯದನ್ನು ತೇಪೆ ಹಾಕಿ ನಡೆಸುತ್ತಲೇ ಪಕ್ಕದಲ್ಲಿ ಹೊಸ ಆಟ ಕಟ್ಟಿಸಿದರು. 2012ರ ನವೆಂಬರ್ 11ರಂದು ಹಳೇ ಸರ್ವರ್ ಮುಚ್ಚಿದ್ದೂ ಕಥೆಯ ಒಳಗೇ. ಆಕಾಶದಿಂದ ಚಂದ್ರನಂಥದ್ದು ಬಿದ್ದು, ಒಡೆದು, ಇಡೀ ಲೋಕ ಸುಟ್ಟುಹೋಗುತ್ತದೆ. ಹೊಸದು ‘ಎ ರೆಲ್ಮ್ ರೀಬಾರ್ನ್’ ಅಂತ 2013ರ ಆಗಸ್ಟ್ 27ಕ್ಕೆ ಬಂತು. ಮುಗಿಯಿತು ಅಂದ ಆಟ ಹೀಗೆ ಎದ್ದು ನಿಂತಿದ್ದಕ್ಕೇ ಹಳೇ ಆಟಗಾರರಿಗೆ ಅದರ ಮೇಲೆ ಅಷ್ಟು ಮಮತೆ. ನಿಮಗೆ ಹೇಳುವಾಗ ಆ ಮಮತೆಯನ್ನೂ ಸೇರಿಸಿ ಹೇಳುತ್ತಾರೆ. ನೀವು ಅದನ್ನು ಕಳೆದು ಕೇಳಬೇಕು.

ಇನ್ನು ಹತ್ತು ಗಂಟೆಯ ವಿಷಯ. ನನ್ನ ಪ್ರಕಾರ ಪಿಂಗ್‌ಗಿಂತ ದೊಡ್ಡ ಪ್ರಶ್ನೆ ಇದು, ಆದರೆ ಯಾರೂ ಹೇಳುವುದಿಲ್ಲ. ಸರ್ವರ್ ಇರುವುದು ಜಪಾನ್, ಯೂರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾ ಕಡೆ. ಭಾರತದಲ್ಲಿ ಇಲ್ಲ. ಏಷ್ಯಾ ಅಲ್ವಾ, ಹತ್ತಿರ ಅಲ್ವಾ ಅಂತ ನಾನು ಜಪಾನ್ ಆರಿಸಿಕೊಂಡೆ. ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅವರು ಊಟ ಮುಗಿಸಿ ಒಂಬತ್ತಕ್ಕೆ ಆಡಲು ಕೂತಾಗ ನಮಗಿನ್ನೂ ಸಂಜೆ ಐದೂವರೆ. ನಾನು ಆಫೀಸಿನಲ್ಲಿ. ನಾನು ಹತ್ತಕ್ಕೆ ಕೂತಾಗ ಅಲ್ಲಿ ಮಧ್ಯರಾತ್ರಿ ಒಂದೂವರೆ. ಇರುವವರು ಇರುತ್ತಾರೆ, ಆದರೆ ಡಂಜನ್‌ಗೆ, ಅಂದರೆ ತಂಡವಾಗಿ ಹೋಗುವ ಕಾಳಗಕ್ಕೆ, ಜನ ಸೇರುವಷ್ಟರಲ್ಲಿ ಆಕಳಿಕೆ ಬರುತ್ತಿತ್ತು. ಆಮೇಲೆ ಯೂರೋಪ್‌ನಲ್ಲಿ ಹೊಸ ಪಾತ್ರ ಮಾಡಿ ಮೊದಲಿಂದ ಶುರು ಮಾಡಿದೆ. ನಮ್ಮ ರಾತ್ರಿ ಹತ್ತಕ್ಕೆ ಅಲ್ಲಿ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಐದೂವರೆ. ನಾವು ಕೂರುವ ಹೊತ್ತಿಗೆ ಅವರೂ ಕೂರುತ್ತಾರೆ. ನೀವು ಮಾತ್ರ ಔತಣದ ಸಾಮಾನು ಎರಡೆರಡು ಸಲ ತರಬೇಡಿ, ಮೊದಲೇ ಯೂರೋಪ್ ಹಿಡಿಯಿರಿ.

ಅಂಟಿಕೊಂಡಿದ್ದು ಯಾವುದಕ್ಕೆ ಅಂದೆನಲ್ಲ, ಮೀನು ಹಿಡಿಯುವುದಕ್ಕೆ. ನಗಬೇಡಿ. ಲಿಮ್ಸಾ ಲೊಮಿನ್ಸಾ ಅಂತ ಒಂದು ಬಂದರು. ಅಲ್ಲಿಂದ ಎರಡು ಗಂಟೆಗೊಮ್ಮೆ ಮೀನು ಹಿಡಿಯುವವರ ಹಡಗು ಹೊರಡುತ್ತದೆ. ನಮ್ಮ ಲೆಕ್ಕದಲ್ಲಿ ರಾತ್ರಿ 9:30, 11:30 ಹೀಗೆ. ಹತ್ತಲು ಹದಿನೈದು ನಿಮಿಷ ಅವಕಾಶ. ಒಂದು ಹಡಗಿಗೆ 24 ಜನ. ಮೂರು ಕಡೆ ನಿಲ್ಲಿಸುತ್ತಾರೆ, ಒಂದೊಂದು ಕಡೆ ಸುಮಾರು ಏಳು ನಿಮಿಷ. ಎಲ್ಲರೂ ಕಟಕಟೆಗೆ ಸಾಲಾಗಿ ನಿಂತು ಗಾಳ ಹಾಕುತ್ತೇವೆ. ಮೀನು ಗಾಳ ಎಳೆದಾಗ ಮೇಲೆ ಒಂದು ಬೆರಗಿನ ಚಿಹ್ನೆ (!) ಬಂದರೆ ಸಣ್ಣ ಮೀನು, ಮೂರು ಬಂದರೆ ದೊಡ್ಡದು. ಅದೃಷ್ಟ ಇದ್ದರೆ ನಡುವೆ ಕಡಲು ಬಣ್ಣ ಬದಲಾಗಿ ಮೀನು ಮುಗಿಬೀಳುತ್ತವೆ. ಆಗ ಯಾರೂ ಚಾಟ್‌ನಲ್ಲಿ ಮಾತಾಡುವುದಿಲ್ಲ. ಡ್ರ್ಯಾಗನ್ ಹೊಡೆಯಬೇಕು ಅಂತ ಎಸ್‌ಪಿ ರಸ್ತೆಗೆ ಹೋಗಿ ಗ್ರಾಫಿಕ್ಸ್ ಕಾರ್ಡ್ ತಂದವನು ನಾನು. ಈಗ ಮನೆಯಲ್ಲಿ ‘ಇವತ್ತು ಮೀನು ಬಿತ್ತಾ?’ ಅಂತ ಕೇಳುತ್ತಾರೆ. ನಾವು ಮನೆಯಲ್ಲಿ ಮೊಟ್ಟೆಯನ್ನೂ ತರದವರು.

ಜಯನಗರದಿಂದ

ದುಡ್ಡು ಕೊಡಬೇಡಿ, ಸದ್ಯಕ್ಕೆ. ಫ್ರೀ ಟ್ರಯಲ್ ಇದೆ, ದಿನದ ಲೆಕ್ಕ ಇಲ್ಲ. 2023ರ ಅಕ್ಟೋಬರ್‌ನಿಂದ ‘ಸ್ಟಾರ್ಮ್‌ಬ್ಲಡ್’ ಅನ್ನುವ ಮುಂದಿನ ಕಥೆಯ ಕಂತೂ ಅದರಲ್ಲಿ ಸೇರಿದೆ, 70ನೇ ಲೆವೆಲ್ ತನಕ ಬಿಟ್ಟಿ. ರಾತ್ರಿ ಒಂದೂವರೆ ಗಂಟೆ ಆಡುವವರಿಗೆ ಒಂದು ವರ್ಷಕ್ಕೆ ಸಾಕು.

ಆದರೆ ನಿಮ್ಮಿಬ್ಬರಿಗೇ ತೊಡಕಾಗುವ ಒಂದು ವಿಷಯ ಇದೆ. ನಾನು ಟ್ರಯಲ್‌ನಲ್ಲಿ ಆಡುವಾಗ ಪಾರ್ಟಿ, ಅಂದರೆ ಜೊತೆಗೆ ಆಡುವ ತಂಡ, ನಾವೇ ಮಾಡುವ ಹಾಗಿರಲಿಲ್ಲ. ಬೇರೆಯವರು ಕರೆದರೆ ಸೇರಬಹುದಿತ್ತು. ಇಬ್ಬರೂ ಟ್ರಯಲ್ ಆದರೆ ಯಾರು ಯಾರನ್ನು ಕರೆಯುವುದು? ನಾನು ನನ್ನ ತಂಗಿ ಹೀಗೇ ಎದುರುಬದುರು ನಿಂತು ಕೈ ಬೀಸಿಕೊಂಡಿದ್ದೆವು, ಒಂದು ವಾರ. ಕೊನೆಗೆ ಚಂದಾ ಕಟ್ಟಿದ ಗೆಳತಿಯೊಬ್ಬಳು ಬಂದು ಇಬ್ಬರನ್ನೂ ಸೇರಿಸಿದಳು. ಮಾರುಕಟ್ಟೆಯಲ್ಲಿ ಕೊಳ್ಳುವುದು ಮಾರುವುದೂ ಇರಲಿಲ್ಲ. ಕೈಯಲ್ಲಿ 3 ಲಕ್ಷ ಗಿಲ್‌ಗಿಂತ (ಆಟದೊಳಗಿನ ದುಡ್ಡು) ಜಾಸ್ತಿ ಇಟ್ಟುಕೊಳ್ಳುವ ಹಾಗೂ ಇರಲಿಲ್ಲ.

ಇನ್ನೊಂದು. ಒಮ್ಮೆ ಕೊಂಡರೆ ಆ ಖಾತೆ ಟ್ರಯಲ್‌ಗೆ ವಾಪಸ್ ಹೋಗುವುದಿಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಆಟ ಕೊಂಡರೆ ಮುಂದಿನ ಕಂತುಗಳನ್ನೂ ಸ್ಟೀಮ್‌ನಲ್ಲೇ ಕೊಳ್ಳಬೇಕು. ಸೇಲ್ ನೋಡಿ ಅಲ್ಲೊಂದು ಇಲ್ಲೊಂದು ಕೊಂಡು ಕೈ ಸುಟ್ಟುಕೊಂಡವರು ಬೇಕಾದಷ್ಟು ಇದ್ದಾರೆ.

ಬಿಟಿಎಂ ಲೇಔಟ್‌ನಿಂದ

ಪಿಂಗ್ ಕೇಳಿದಿರಿ. ನನ್ನ ಪಿಜಿ ರೂಮಿನಿಂದ ಯೂರೋಪ್‌ಗೆ 150ರಿಂದ 170 ಮಿಲಿಸೆಕೆಂಡ್, ಒಳ್ಳೆಯ ದಿನ. ಆಡಬಹುದು. ಇದರಲ್ಲಿ ಮುಖ್ಯ ಹೊಡೆತಗಳ ನಡುವೆ ಎರಡೂವರೆ ಸೆಕೆಂಡ್ ಬಿಡುವು ಇದೆ. ಶೂಟಿಂಗ್ ಆಟದ ಹಾಗೆ ಕಣ್ಣು ಮಿಟುಕಿಸುವುದರಲ್ಲಿ ಸಾಯುವುದಿಲ್ಲ.

ತೊಂದರೆ ಎರಡು ಕಡೆ. ಆ ಬಿಡುವಿನಲ್ಲಿ ಎರಡು ಚಿಕ್ಕ ಹೊಡೆತ ತುರುಕಬೇಕಾದಾಗ ಒಂದೇ ಹಿಡಿಸುತ್ತದೆ. ಇನ್ನೊಂದು, ನೆಲದ ಮೇಲೆ ಕಿತ್ತಳೆ ಬಣ್ಣದ ಗುರುತು ಬರುತ್ತದೆ, ಅಲ್ಲಿಂದ ಆಚೆ ಹೋಗಬೇಕು. ಶತ್ರು ಹೊಡೆಯಲು ಸಜ್ಜಾಗುವುದನ್ನು ತೋರಿಸುವ ಪಟ್ಟಿ ತುಂಬಿದ ಕ್ಷಣದಲ್ಲಿ ನೀವು ಎಲ್ಲಿದ್ದೀರಿ ಅಂತ ಸರ್ವರ್ ನೋಡುತ್ತದೆ. ನಿಮ್ಮ ಪರದೆಯಲ್ಲಿ ಆಚೆ ಬಂದಾಗಿರುತ್ತದೆ, ಸರ್ವರ್ ಲೆಕ್ಕದಲ್ಲಿ ಇನ್ನೂ ಒಳಗೇ. ಏಟು ಬಿತ್ತು. ಮೊದಲ ತಿಂಗಳು ನಾನು ಕೀಬೋರ್ಡ್‌ಗೆ ಬೈದೆ. ಆಮೇಲೆ ಅರ್ಧ ಸೆಕೆಂಡ್ ಮೊದಲೇ ಓಡುವುದು ರೂಢಿಯಾಯಿತು. ಸಿಗ್ನಲ್ ಹಸಿರಿಗೆ ಬರುವ ಮುಂಚೆಯೇ ಗಾಡಿ ಎಬ್ಬಿಸುವ ಊರಿನವರು ನಾವು, ಕಷ್ಟ ಆಗಲ್ಲ.

ಕೇಬಲ್ ನೆಚ್ಚಿಕೊಳ್ಳಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಇಂಟರ್ನೆಟ್ ಕೇಬಲ್ ತುಂಡಾದಾಗ ನನ್ನ ಪಿಂಗ್ 300ರ ಹತ್ತಿರ ಹೋಯಿತು. ನಮ್ಮ ಏರಿಯಾದ ಇಂಟರ್ನೆಟ್‌ನವನಿಗೆ ಫೋನ್ ಮಾಡಿದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ ಸರ್’ ಅಂದ. ಸಮುದ್ರದ ಕೇಬಲ್‌ಗೂ ಅದೇ ಮದ್ದು! ಕರೆಂಟ್ ಹೋದಾಗ ಉಳಿಯಲು ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿ. ಬಾಸ್ ಅನ್ನುವ ದೊಡ್ಡ ಶತ್ರುವಿನ ಕಥೆ ಅರ್ಧ ಮುಗಿದಾಗ ನೀವು ಮಾಯವಾದರೆ ಉಳಿದ ಏಳು ಜನಕ್ಕೆ ಬೆಸ್ಕಾಂ ಅಂದರೆ ಏನು ಅಂತ ವಿವರಿಸಬೇಕಾಗುತ್ತದೆ.

ಮಲ್ಲೇಶ್ವರದಿಂದ

ಎಲ್ಲರೂ ಹೊಗಳುವಾಗ ನಾನೊಬ್ಬಳು ಅಪಸ್ವರ ತೆಗೆಯುತ್ತೇನೆ. ನನಗೆ ಹಿಡಿಸಲಿಲ್ಲ. 43ನೇ ಲೆವೆಲ್‌ಗೆ ಬಿಟ್ಟೆ.

ಬೇಜಾರು ಅಂದಾಗಲೆಲ್ಲ ‘ಹೆವೆನ್ಸ್‌ವರ್ಡ್ ತನಕ ತಾಳಿ, ಆಮೇಲೆ ನೋಡಿ’ ಅನ್ನುತ್ತಿದ್ದರು. ಅದು ಮುಂದಿನ ಕಂತು, ಶುರುವಾಗುವುದು 50ನೇ ಲೆವೆಲ್ ಮುಗಿದು, ಅದರ ಮೇಲೆ ಇನ್ನೊಂದು ರಾಶಿ ಕ್ವೆಸ್ಟ್ ಮುಗಿಸಿದ ಮೇಲೆ. ನನಗೆ ಸಿಗುವುದು ವಾರಕ್ಕೆ ಮೂರು ರಾತ್ರಿ. ಆ ಲೆಕ್ಕದಲ್ಲಿ ಒಳ್ಳೆಯ ಕಥೆ ಬರುವಷ್ಟರಲ್ಲಿ ಮಗ ಎಸ್‌ಎಸ್‌ಎಲ್‌ಸಿ ಬರೆಯುತ್ತಾನೆ. ಮೊದಲ ಎರಡು ತುತ್ತಿಗೆ ರುಚಿ ಸಿಗದಿದ್ದರೆ ಯಾವ ಹೋಟೆಲಿನಲ್ಲಿ ಕೂರುತ್ತೀರಿ? ಇದೇ ಮಾತು ಹೇಳಿದ್ದಕ್ಕೆ ತಾಳ್ಮೆ ಇಲ್ಲದವಳು ಅನ್ನಿಸಿಕೊಂಡೆ.

ಒಂದು ಮೆಚ್ಚುಗೆ ಮಾತ್ರ ಕೊಡಲೇಬೇಕು. ಜನ ಒಳ್ಳೆಯವರು. ಹೊಸಬರ ಹೆಸರಿನ ಪಕ್ಕ ಒಂದು ಮೊಳಕೆ ಚಿತ್ರ ಇರುತ್ತದೆ. ನಾನು ಗಾಯ ವಾಸಿ ಮಾಡುವ ಹೀಲರ್ ಆಗಿ ಮೊದಲ ಡಂಜನ್‌ನಲ್ಲಿ ಮುಂದೆ ನಿಂತು ಏಟು ತಡೆಯುವ ಟ್ಯಾಂಕ್ ಆಡುತ್ತಿದ್ದವರನ್ನು ಮೂರು ಸಲ ಸಾಯಿಸಿದೆ. ಯಾರೂ ಒಂದು ಮಾತು ಅನ್ನಲಿಲ್ಲ. ಆಮೇಲೆ ಗೊತ್ತಾಯಿತು, ಆ ಡಂಜನ್‌ಗೆ ಹೊಸಬರು ಜೊತೆಯಲ್ಲಿದ್ದರೆ ಉಳಿದವರಿಗೆ ಬೋನಸ್ ಸಿಗುತ್ತದೆ ಅಂತ. ಬೋನಸ್ ಕೊಟ್ಟರೆ ಒಳ್ಳೆಯತನ ಬರುತ್ತದೆ ಅಂತ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೂ ಯಾರಾದರೂ ಹೇಳಿ.

ನಾನು ಈಗ ಗಿಲ್ಡ್ ವಾರ್ಸ್ 2 ಆಡುತ್ತೇನೆ. 2012ರ ಆಟ. ತಿಂಗಳ ಚಂದಾ ಇಲ್ಲ, ಮೂಲ ಆಟ 2015ರಿಂದ ಬಿಟ್ಟಿ. ಎರಡು ತಿಂಗಳು ಬಿಟ್ಟು ಬಂದರೂ ಬಿಟ್ಟಲ್ಲಿಂದ ಶುರು ಮಾಡಬಹುದು. ಸರ್ವರ್ ಅಮೆರಿಕ, ಯೂರೋಪ್ ಎರಡೇ ಕಡೆ. ಹೊರಳಿ ತಪ್ಪಿಸಿಕೊಳ್ಳುವ ಆಟವಾದ್ದರಿಂದ ಪಿಂಗ್ ಕಾಟ ಇದರಲ್ಲಿ ಸ್ವಲ್ಪ ಜಾಸ್ತಿಯೇ.

ರಾಜರಾಜೇಶ್ವರಿನಗರದಿಂದ

ಸರ್ವರ್ ಖಾಲಿಯಾಗುವ ಭಯ ಇದೆ ಅಲ್ವಾ ನಿಮಗೆ? ಮೊದಲ ವಾರದ ಜಾತ್ರೆ ನೋಡಿ ಏನೂ ಹೇಳಲಾಗದು. ನ್ಯೂ ವರ್ಲ್ಡ್ ಅನ್ನುವ ಆಟ 2021ರ ಸೆಪ್ಟೆಂಬರ್ 28ಕ್ಕೆ ಬಂದಾಗ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ 9 ಲಕ್ಷಕ್ಕೂ ಜಾಸ್ತಿ ಜನ ಇದ್ದರು. 2025ರ ಅಕ್ಟೋಬರ್‌ನಲ್ಲಿ ಅದಕ್ಕೆ ಇನ್ನು ಹೊಸದೇನೂ ಸೇರಿಸುವುದಿಲ್ಲ ಅಂತ ಹೇಳಿಬಿಟ್ಟರು. ಇತ್ತ ನೆಲ ಕಚ್ಚಿದ್ದ ಫೈನಲ್ ಫ್ಯಾಂಟಸಿ 14ಕ್ಕೆ 2021ರ ಡಿಸೆಂಬರ್‌ನಲ್ಲಿ ‘ಎಂಡ್‌ವಾಕರ್’ ಕಂತು ಬಂದಾಗ ಎಷ್ಟು ನೂಕುನುಗ್ಗಲು ಅಂದರೆ, ಕಂಪನಿ ಆಟ ಮಾರುವುದನ್ನೇ ಕೆಲವು ವಾರ ನಿಲ್ಲಿಸಿತು. ಈಗ ಅಷ್ಟು ಅಬ್ಬರ ಇಲ್ಲ. 2024ರ ‘ಡಾನ್‌ಟ್ರೇಲ್’ ಕಂತಿನ ಕಥೆ ಬಗ್ಗೆ ಆಟಗಾರರೇ ಎರಡು ಪಾಲಾಗಿದ್ದಾರೆ. ನನಗೂ ಅರ್ಧಕ್ಕೆ ನಿದ್ದೆ ಬಂತು. ನೀವು ಅಲ್ಲಿಗೆ ತಲುಪಲು ವರ್ಷಗಳೇ ಬೇಕು, ಆ ಚಿಂತೆ ಈಗ ಬೇಡ.

ಚಂದಾ ತಿಂಗಳಿಗೆ 12.99 ಡಾಲರ್‌ನಿಂದ ಶುರು, ಅಂದರೆ ಸಾವಿರದ ನೂರು ರೂಪಾಯಿ ಮೇಲೆ. ಕಾರ್ಡ್‌ನಿಂದ ತಿಂಗಳು ತಿಂಗಳು ತಾನಾಗಿ ಕಟ್ಟಾಗಲಿ ಅಂತ ಬಿಟ್ಟರೆ ನಮ್ಮಲ್ಲಿ ನಡುವೆ ಕೈಕೊಡುತ್ತದೆ. 2021ರ ಅಕ್ಟೋಬರ್ 1ರಿಂದ ಬಂದ ಆರ್‌ಬಿಐ ನಿಯಮದಿಂದ ಇಂಥ ಕಡಿತಗಳಿಗೆ ಗ್ರಾಹಕರ ಒಪ್ಪಿಗೆ ಬೇಕು. ನನ್ನ ಬ್ಯಾಂಕ್ ಎರಡು ಸಲ ತಿರಸ್ಕರಿಸಿತು. ಈಗ 60 ದಿನದ ಗೇಮ್ ಟೈಮ್ ಕಾರ್ಡ್ ಕೊಳ್ಳುತ್ತೇನೆ. ಆಡುವ ಮನಸ್ಸಿಲ್ಲದ ತಿಂಗಳು ದುಡ್ಡೂ ಹೋಗುವುದಿಲ್ಲ.

ಪಾರ್ಟಿ ಮಾಡಲು ಜನ ಬೇಕಿದ್ದರೆ ಹೇಳಿ, ನನ್ನದು ಪೂರ್ತಿ ಖಾತೆ, ಯೂರೋಪ್‌ನಲ್ಲೇ ಇದ್ದೇನೆ. ಕರೆದು ಸೇರಿಸಿ ನಾನು ನನ್ನ ಪಾಡಿಗೆ ಹೋಗುತ್ತೇನೆ.

ವಿಜಯನಗರದಿಂದ, ಮೂರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಟ್ರಯಲ್ ಹಾಕಿದೆವು, ಯೂರೋಪ್. ರಾಜರಾಜೇಶ್ವರಿನಗರದವರು ಹೇಳಿದ ಹಾಗೇ ಬಂದು ಪಾರ್ಟಿ ಮಾಡಿಕೊಟ್ಟರು. ಹೋಗುತ್ತೇನೆ ಅಂದವರು ಎರಡು ಗಂಟೆ ನಮ್ಮ ಜೊತೆಯೇ ಆಡಿದರು.

ನಾನು 28ನೇ ಲೆವೆಲ್, ಭಾವಮೈದ 31. ಮಲ್ಲೇಶ್ವರದ ಮೇಡಂ ಹೇಳಿದ್ದು ನಿಜ, ಕಾಗದ ಹಂಚಿ ಹಂಚಿ ಸಾಕಾಗಿದೆ. ಒಬ್ಬನೇ ಆಗಿದ್ದರೆ ಎರಡನೇ ವಾರ ಬಿಡುತ್ತಿದ್ದೆ. ಅವನು ಫೋನ್ ಸ್ಪೀಕರ್‌ನಲ್ಲಿಟ್ಟು ಎಲ್ಲ ಪಾತ್ರಗಳಿಗೂ ಮೈಸೂರು ಕನ್ನಡದಲ್ಲಿ ಡಬ್ಬಿಂಗ್ ಮಾಡುತ್ತಾನೆ, ಅದಕ್ಕೆ ನಡೆಯುತ್ತಿದೆ. ಟೈಟನ್ ಇನ್ನೂ ಬಂದಿಲ್ಲ. ಔತಣಕ್ಕೆ ಈಗಲೇ ಹೆದರಿಕೊಂಡಿದ್ದೇವೆ.

ಮತ್ತೆ, ಬಸವನಗುಡಿ ಸರ್, ನಿಮ್ಮಿಂದ ಒಂದು ಅವಾಂತರ ಆಗಿದೆ. ಮೊನ್ನೆ ಆಫೀಸಿನಲ್ಲಿ ತಡವಾಗಿ, ಒಂಬತ್ತೂವರೆ ದಾಟಿದರೂ ಮೆಜೆಸ್ಟಿಕ್ ಹತ್ತಿರ ಮೆಟ್ರೊದಲ್ಲೇ ಇದ್ದೆ. ಮೈಸೂರಿನಿಂದ ಫೋನ್. ‘ಭಾವ, ಹಡಗು ನಿಂತಿದೆ, ಎಲ್ಲಿದ್ದೀರಾ?’ ಮೆಜೆಸ್ಟಿಕ್ ಅಂದೆ. ‘ಬಿಡಿ, 9:45ಕ್ಕೆ ಬಾಗಿಲು ಹಾಕ್ತಾರೆ, ಸಿಗಲ್ಲ. 11:30ರದ್ದಕ್ಕೆ ಹೋಗೋಣ, ಹುಳ ನಾನು ತಗೊಂಡಿರ್ತೀನಿ’ ಅಂದ. ಪಕ್ಕದಲ್ಲಿ ನಿಂತಿದ್ದ ಅಜ್ಜ ಎಲ್ಲ ಕೇಳಿಸಿಕೊಂಡಿದ್ದರು. ‘ಮಂಗಳೂರಾ?’ ಅಂದರು.