ಅಪ್‌ಡೇಟ್: ಹಳೆ ಇಂಟರ್ನೆಟ್ ಕನೆಕ್ಷನ್ ಕೊನೆಗೂ ಬಂದ್ ಆಯ್ತು

ರಾಯಚೂರಿನ ಬಾಡಿಗೆ ಮನೆ ಬಿಟ್ಟು ಶಕ್ತಿನಗರಕ್ಕೆ ಬಂದರೂ ಅಲ್ಲಿನ ಬ್ರಾಡ್‌ಬ್ಯಾಂಡ್ ಬಿಲ್ ನಿಲ್ಲುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕಸ್ಟಮರ್ ಕೇರ್‌ನವರು ಬಂದ್ ಮಾಡುವ ಮಾತೊಂದು ಬಿಟ್ಟು ಉಳಿದೆಲ್ಲ ಮಾತಾಡಿದರು. "ಅರ್ಧ ರೇಟಿಗೆ ಕೊಡ್ತೀವಿ ಸರ್", "ಸ್ಪೀಡ್ ಜಾಸ್ತಿ ಮಾಡ್ತೀವಿ ಸರ್". ಮನೆಯೇ ಇಲ್ಲಪ್ಪ, ವೈರ್ ಎಲ್ಲಿಗೆ ಎಳೀತೀರಿ ಅಂದೆ. ಫೋನ್ ಹೋಲ್ಡ್‌ಗೆ ಹೋಯಿತು. ಡಯಲ್‌ಅಪ್ ಕಾಲವೇ ವಾಸಿ, ಗಂಟೆ ಲೆಕ್ಕದ ಪ್ಯಾಕ್ ಮುಗಿದರೆ ಕಥೆ ಮುಗೀತಿತ್ತು!

ಕೆಲಸ ಆಗಿದ್ದು ಇಲ್ಲೊಬ್ಬರು ಹೇಳಿದ ಡಾಕೆಟ್ ನಂಬರ್‌ನಿಂದ, ಅಂದರೆ ದೂರಿನ ನೋಂದಣಿ ನಂಬರ್‌ನಿಂದ. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ 2012ರ ನಿಯಮದಂತೆ ದೂರು ಕೊಟ್ಟರೆ ಕಂಪನಿ ಈ ನಂಬರ್ ಕೊಡಲೇಬೇಕು. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಫೀಸಿಲ್ಲ. ನಂಬರ್ ಹಾಕಿ, ಮನೆ ಬಿಟ್ಟ ತಾರೀಖು ಬರೆದು, ಮೇಲ್ಮನವಿಗೆ ಹೋಗುತ್ತೇನೆ ಎಂದು ಇಮೇಲ್ ಕಳಿಸಿದೆ. ಆಮೇಲೆ ಅವರೇ ಫೋನ್ ಮಾಡಿದರು. ಆಫರ್ ಸುದ್ದಿಯೇ ಇಲ್ಲ!

ಯುಪಿಐ ಆಟೋಪೇ ರದ್ದು ಮಾಡಿದರೆ ಸಾಲದಾ ಎಂದು ಕೆಲವರು ಕೇಳಿದ್ದರು. ಅದರಿಂದ ದುಡ್ಡು ಕಟ್ ಆಗೋದು ನಿಲ್ಲುತ್ತದೆ ಅಷ್ಟೇ. ಕನೆಕ್ಷನ್ ಹಾಗೇ ಇದ್ದರೆ ಬಿಲ್ ಬಾಕಿ ಬೆಳೆಯುತ್ತಾ ಹೋಗಬಹುದು. ಎರಡೂ ಮಾಡಿ.

ರೂಟರ್ ವಾಪಸ್ ಕೊಟ್ಟಾಗ ಸೀರಿಯಲ್ ನಂಬರ್ ಇರುವ ರಸೀದಿ ಕೇಳಿ ತಗೊಂಡೆ. ಹುಡುಗ "ಯಾಕ್ರಿ ಸರ್, ನಂಬಿಕೆ ಇಲ್ಲೇನ್ರಿ" ಅಂದ. ಇಲ್ಲ ಅಂದೆ.

ಡಿಪಾಸಿಟ್ ಇನ್ನೂ ಬಂದಿಲ್ಲ. ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ.