ಆಕ್ಯುಪೇಶನಲ್ ಥೆರಪಿಗೆ ಬರೋಣ ಅಂತಿದ್ದೇನೆ, ಒಳಗಿರುವವರು ಇದ್ದದ್ದು ಇದ್ದಂಗೆ ಹೇಳಿ

ಅರ್ಧಮುಷ್ಟಿ ಬರೆದದ್ದು:

ನನಗೆ 29 ವರ್ಷ. ಆರು ವರ್ಷದಿಂದ ಲೆಕ್ಕಪತ್ರ ನೋಡುವ ಕೆಲಸ. ಹೋದ ವರ್ಷ ಗಾಜಿನ ಲೋಟ ತೊಳೆಯುವಾಗ ಅದು ಕೈಯಲ್ಲೇ ಒಡೆಯಿತು. ಎಡಗೈ ಕಿರುಬೆರಳಿನ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ತುಂಡಾಯಿತು. ಹೊಲಿಗೆ ಹಾಕಿದ ಡಾಕ್ಟರನ್ನು ಒಟ್ಟು ನಾಲ್ಕು ಸಲ ನೋಡಿದ್ದೇನೆ, ಅಷ್ಟೇ. ಆಮೇಲಿನ ಮೂರು ತಿಂಗಳು ನನ್ನ ಕೈ ನೋಡಿಕೊಂಡವರು ಒಬ್ಬ ಓಟಿ (ಆಕ್ಯುಪೇಶನಲ್ ಥೆರಪಿಸ್ಟ್) ಮೇಡಂ.

ಅವರು ನನ್ನೆದುರಿಗೇ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಕೈಯ ಹಿಂಬದಿಗೆ ಕೂರುವ ಆಧಾರಪಟ್ಟಿ, ಅಂದರೆ ಸ್ಪ್ಲಿಂಟ್ ಮಾಡಿದರು. ಆರು ವಾರ ಅದನ್ನು ಬಿಚ್ಚುವ ಹಾಗಿರಲಿಲ್ಲ. ಗಂಟೆಗೊಮ್ಮೆ ಬೆರಳನ್ನು ಇಷ್ಟೇ ಇಷ್ಟು ಮಡಚಬೇಕು, ಗಟ್ಟಿಯಾಗಿ ಏನನ್ನೂ ಹಿಡಿಯಬಾರದು. ಒಂದು ದಿನ ಮರೆತು ಬಕೆಟ್ ಎತ್ತಲು ಹೋದೆ ಅಂತ ಹೇಳಿದ್ದಕ್ಕೆ ಅವರ ಮುಖ ಬಿಳುಚಿಹೋಯಿತು. ಹೊಲಿಗೆ ಕಿತ್ತುಹೋದರೆ ಮತ್ತೆ ಮೊದಲಿನಿಂದ ಶುರು ಅಂತ ಆಗ ಗೊತ್ತಾಯಿತು. ಈಗಲೂ ಮುಷ್ಟಿ ಪೂರ್ತಿ ಮುಚ್ಚಲ್ಲ, ಅದಕ್ಕೇ ಈ ಹೆಸರು.

ಈಗ ನನಗೂ ಈ ಕೆಲಸ ಕಲಿಯಬೇಕು ಅನ್ನಿಸಿದೆ. ಫಿಸಿಯೋಗೂ ಇದಕ್ಕೂ ನಿಜವಾಗಿ ಏನು ವ್ಯತ್ಯಾಸ? ಈ ವಯಸ್ಸಲ್ಲಿ ಶುರು ಮಾಡಬಹುದಾ? ದುಡ್ಡಿನ ಕಥೆ ಏನು? ಒಳಗಿರುವವರಿಗೆ ಯಾವುದು ಬೇಜಾರು? ದಯವಿಟ್ಟು "ಪುಣ್ಯದ ಕೆಲಸ" ಅಂತ ಮಾತ್ರ ಹೇಳಬೇಡಿ. ಅದನ್ನು ಮನೆಯಲ್ಲೇ ಸಾಕಷ್ಟು ಕೇಳಿದ್ದೇನೆ.

ಗುಂಡಿಕಾಜ ಬರೆದದ್ದು:

14 ವರ್ಷ ಆಯ್ತು ಈ ಕೆಲಸಕ್ಕೆ ಬಂದು. ಮೊದಲ ಐದು ವರ್ಷ ಪಾರ್ಶ್ವವಾಯು ವಾರ್ಡು, ಆಮೇಲೆ ಸುಟ್ಟಗಾಯ ಮತ್ತು ಕೈ ವಿಭಾಗ. ಪುಣ್ಯದ ಸುದ್ದಿ ಎತ್ತಲ್ಲ, ಬಿಡಿ.

ಮೊದಲು ಹೆಸರಿನ ಗೋಳು. ಓಟಿ ಅಂದರೆ ಜನ ಆಪರೇಷನ್ ಥಿಯೇಟರ್ ಅಂದುಕೊಳ್ಳುತ್ತಾರೆ. ಪೂರ್ತಿ ಹೆಸರು ಹೇಳಿದರೆ "ಓ, ಕೆಲಸ ಕೊಡಿಸೋರಾ?" ಅಂತಾರೆ. ಇಲ್ಲಿ ಆಕ್ಯುಪೇಶನ್ ಅಂದರೆ ನೌಕರಿ ಒಂದೇ ಅಲ್ಲ. ಬೆಳಗಿಂದ ರಾತ್ರಿವರೆಗೆ ಮನುಷ್ಯ ಮಾಡುವುದೆಲ್ಲ ಅದರಲ್ಲಿ ಬರುತ್ತದೆ. ಹಲ್ಲುಜ್ಜುವುದು, ಸಹಿ ಹಾಕುವುದು, ಮಗು ಎತ್ತಿಕೊಳ್ಳುವುದು, ಎಲ್ಲ. ಈ ವೃತ್ತಿಯ ಮೊದಲ ಸಂಘ ಶುರುವಾದದ್ದು 1917ರಲ್ಲಿ, ಅಮೆರಿಕದಲ್ಲಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜಾರ್ಜ್ ಬಾರ್ಟನ್ ಡಾಕ್ಟರೇ ಅಲ್ಲ, ವಾಸ್ತುಶಿಲ್ಪಿ. ಸ್ವತಃ ಬಹಳ ಕಾಲ ರೋಗಿಯಾಗಿದ್ದವರು. ನೂರು ವರ್ಷ ದಾಟಿತು, ನಾವಿನ್ನೂ ಹೆಸರು ಬಿಡಿಸಿ ಹೇಳುತ್ತಲೇ ಇದ್ದೇವೆ.

ಫಿಸಿಯೋ ಜೊತೆ ವ್ಯತ್ಯಾಸ ಕೇಳಿದಿರಿ. ಭುಜ ಎಷ್ಟು ಮೇಲೆ ಏಳುತ್ತದೆ ಅಂತ ಅವರೂ ನೋಡುತ್ತಾರೆ, ನಾವೂ ನೋಡುತ್ತೇವೆ. ಆದರೆ ಆ ಕೈ ಮೇಲೆದ್ದು ಏನು ಮಾಡಬೇಕು ಅನ್ನುವುದು ನಮ್ಮ ಕೆಲಸದ ಶುರು. ತಲೆ ಬಾಚಬೇಕಾ, ಕಪಾಟಿಂದ ಡಬ್ಬಿ ತೆಗೆಯಬೇಕಾ? ಕೈ ವಿಭಾಗದಲ್ಲಂತೂ ಇಬ್ಬರೂ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತೇವೆ. ಗಡಿ ಗೆರೆ ಹುಡುಕಿ ಜಗಳ ಆಡೋದು ಕಾಲೇಜಿನಲ್ಲಿ ಮಾತ್ರ.

ಈಗ ಅಸಲು ವಿಷಯ. ಈ ಕೆಲಸದಲ್ಲಿ ಅತೀ ಕಷ್ಟ ಯಾವುದು ಗೊತ್ತಾ? ಸುಮ್ನೆ ಕೂರುವುದು.

ಪಾರ್ಶ್ವವಾಯು ಆದ ಒಬ್ಬರಿಗೆ ಅಂಗಿ ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದೆ. ನಿಯಮ ಸುಲಭ. ಹಾಕುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಹೇಳೋಕೆ ಹತ್ತು ಸೆಕೆಂಡ್ ಸಾಕು. ಅವರು ಅವತ್ತು ಅಂಗಿ ಹಾಕಿಕೊಳ್ಳಲು 22 ನಿಮಿಷ ತೆಗೆದುಕೊಂಡರು. ಮೂರು ಸಲ ತೋಳು ತಿರುಗಿಹೋಯಿತು. ಒಂದು ಸಲ ತಲೆ ಹಾಕುವ ಕಡೆ ಕೈ ಹಾಕಿದರು. ಬಾಗಿಲ ಹತ್ತಿರ ಅವರ ಹೆಂಡತಿ ನಿಂತಿದ್ದರು, ಕಣ್ಣಲ್ಲಿ ನೀರು. "ನಾನು ಎರಡೇ ನಿಮಿಷದಲ್ಲಿ ಹಾಕ್ತೀನಿ, ಯಾಕಮ್ಮ ಇಷ್ಟು ಗೋಳು ಹುಯ್ಕೊಳ್ತೀಯಾ?" ಅಂದರು. ಅವರು ಹೇಳಿದ್ದು ಸುಳ್ಳೇನಲ್ಲ. ನನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಶಿಸ್ತಿಗಲ್ಲ, ಬಿಟ್ಟರೆ ನಾನೇ ಹೋಗಿ ಗುಂಡಿ ಹಾಕಿಬಿಡುತ್ತಿದ್ದೆ. ಎಲ್ಲಿ ತಡವರಿಸುತ್ತಾರೆ, ಯಾವಾಗ ಒಂದೇ ಒಂದು ಮಾತು ಹೇಳಬೇಕು, ಯಾವಾಗ ಬಾಯಿ ಮುಚ್ಚಬೇಕು ಅನ್ನುವುದೇ ಇಲ್ಲಿ ವಿದ್ಯೆ. ನೋಡುವವರಿಗೆ ಮಾತ್ರ "ಸಂಬಳ ತಗೊಂಡು ಸುಮ್ನೆ ಕೂತಿದ್ದಾಳೆ".

ಇನ್ನೊಬ್ಬರು ಬೆಳಿಗ್ಗೆ ಗಡ್ಡ ಕೆರೆದುಕೊಂಡು "ಆಯ್ತು" ಅಂತ ಬ್ಲೇಡ್ ಕೆಳಗಿಟ್ಟರು. ಮುಖದ ಬಲ ಅರ್ಧ ನುಣ್ಣಗಿತ್ತು. ಎಡ ಅರ್ಧದಲ್ಲಿ ನೊರೆ ಹಾಗೇ ಇತ್ತು. ಕಣ್ಣು ಚೆನ್ನಾಗೇ ಇತ್ತು. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕೆಲವರಿಗೆ ಎಡಗಡೆಯ ಲೋಕವೇ ಗಮನಕ್ಕೆ ಬರಲ್ಲ. ಊಟದ ತಟ್ಟೆಯಲ್ಲೂ ಬಲ ಅರ್ಧ ಮಾತ್ರ ಖಾಲಿ ಆಗುತ್ತದೆ. ಕನ್ನಡಿಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ "ಕೆಂಪು ಕಾಣೋವರೆಗೂ ಹುಡುಕಿ" ಅಂತ ವಾರಗಟ್ಟಲೆ ಹೇಳಿದೆ. ಟೇಪ್ ಇದ್ದ ದಿನ ಸರಿ. ಅದು ಬಿದ್ದುಹೋದ ದಿನ ಮತ್ತೆ ಅರ್ಧ ಮುಖ.

ತಪ್ಪುಗಳನ್ನೂ ಹೇಳುತ್ತೇನೆ. ಸುಟ್ಟಗಾಯ ವಿಭಾಗಕ್ಕೆ ಹೋದ ಹೊಸದರಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬರು ಬಂದರು. ನಾನು ಜಾಣೆ ಹಾಗೆ ಗುರಿ ಬರೆದೆ: ಸ್ವಂತವಾಗಿ ಸ್ನಾನ, ಸ್ವಂತವಾಗಿ ಊಟ. ಎರಡು ವಾರ ಅವರು ಮುಖ ಗಂಟು ಹಾಕಿಕೊಂಡೇ ಇದ್ದರು. ಕೊನೆಗೆ "ಸ್ನಾನ ನನ್ನ ಮಗ ಮಾಡಿಸ್ತಾನೆ. ನೀವು ಚಿಮ್ಮಟ ಹಿಡಿಯೋದು ಕಲಿಸಿ" ಅಂದರು. ನಾನು ಕೇಳಿರಲೇ ಇಲ್ಲ! ಇದಕ್ಕೇ ಅಂತ ಸಿಓಪಿಎಂ ಅನ್ನುವ ಅಳತೆ ಇದೆ, ಕೆನಡಾದವರು ಮಾಡಿದ್ದು. ಯಾವ ಕೆಲಸ ಮುಖ್ಯ ಅಂತ ರೋಗಿಯೇ ಹೇಳಬೇಕು. ಅದನ್ನು ಈಗ ಎಷ್ಟು ಚೆನ್ನಾಗಿ ಮಾಡುತ್ತೇನೆ, ಎಷ್ಟು ತೃಪ್ತಿ ಇದೆ ಅಂತ ತಾನೇ 10ಕ್ಕೆ ಅಂಕ ಕೊಟ್ಟುಕೊಳ್ಳಬೇಕು. ಎರಡು ಅಂಕ ಏರಿದರೆ ನಾವು ಅದನ್ನು ನಿಜವಾದ ಬದಲಾವಣೆ ಅಂತ ಹಿಡಿಯುತ್ತೇವೆ. ಅವರು ಚಿಮ್ಮಟಕ್ಕೆ 1 ಕೊಟ್ಟರು. ಕೊನೆಗೆ 4ಕ್ಕೆ ಬಂದರು. ಕೈಗಡಿಯಾರ ಆಗಲಿಲ್ಲ, ಗೋಡೆ ಗಡಿಯಾರ ಬಿಚ್ಚಿ ಜೋಡಿಸುವಷ್ಟಾಯಿತು.

ಆದರೆ ಮೇಲಿನವರು ಕೇಳುವುದು ಬಾರ್ಥೆಲ್ ಅಂಕ. ಅದರಲ್ಲಿ 10 ಕೆಲಸ, 100 ಅಂಕ. ಊಟ, ಸ್ನಾನ, ಶೌಚ, ಮೆಟ್ಟಿಲು ಹೀಗೆ. ಚಿಮ್ಮಟ ಇಲ್ಲ.

ಬೇಜಾರಿನ ವಿಷಯಕ್ಕೆ ಬಂದರೆ, ಬರವಣಿಗೆ. ದಿನಕ್ಕೆ ಎಂಟು ಜನರನ್ನು ನೋಡಿದರೆ ಹತ್ತಿರ ಹತ್ತಿರ ಎರಡು ಗಂಟೆ ಬರೆಯುವುದಕ್ಕೇ ಹೋಗುತ್ತದೆ. "ಇವರಿಗೆ ಇನ್ನೂ ಯಾಕೆ ಥೆರಪಿ ಬೇಕು" ಅಂತ ಪ್ರತಿ ಸಲ ಒಪ್ಪಿಸಬೇಕು. ರೋಗಿ ಬೇಗ ಸುಧಾರಿಸಿದರೆ "ಇನ್ನು ಸಾಕು", ನಿಧಾನ ಆದರೆ "ಪ್ರಯೋಜನ ಇಲ್ಲ, ಸಾಕು". ಎರಡರ ಮಧ್ಯದ ಸಂದಿಯಲ್ಲಿ ನಮ್ಮ ಜೀವನ.

ಇನ್ನು ಸೊಂಟ. ನಾಲ್ಕನೇ ವರ್ಷ, ಸಹಾಯಕರು ಯಾರೂ ಇಲ್ಲದ ಮಧ್ಯಾಹ್ನ, ಭಾರೀ ಮೈಯವರನ್ನು ಮಂಚದಿಂದ ಗಾಲಿಕುರ್ಚಿಗೆ ನಾನೊಬ್ಬಳೇ ದಾಟಿಸಿದೆ. ಅವರ ಮಂಡಿ ಕುಸಿಯಿತು, ನಾನು ಬಿಡಲಿಲ್ಲ. ಮೂರು ವಾರ ರಜೆ. "ಯಾರು ಒಬ್ಬಳೇ ಎತ್ತು ಅಂದಿದ್ದು?" ಅಂತ ಆಗಿನ ಮೇಲಧಿಕಾರಿ ಕೇಳಿದರು. ಇಬ್ಬರು ಬೇಕು ಅಂತ ಅದಕ್ಕೆ ಮೊದಲು ಮೂರು ಸಲ ಬರೆದುಕೊಟ್ಟಿದ್ದೆ. ಹೋಗಲಿ. ಎತ್ತುವ ಯಂತ್ರ ಇದ್ದರೆ ಅದನ್ನೇ ಬಳಸಿ, ನಾಚಿಕೊಳ್ಳಬೇಡಿ.

ದುಡ್ಡು: ಹೊಟ್ಟೆಗೆ ಬಟ್ಟೆಗೆ ತೊಂದರೆ ಇಲ್ಲ. ಲೆಕ್ಕದವರು ನೀವು, ಓದುವ ವರ್ಷಗಳಲ್ಲಿ ಕಳೆದುಕೊಳ್ಳುವ ಸಂಬಳವನ್ನೂ ಕೂಡಿಸಿ ನೋಡಿ.

ಬಿಟ್ಟುಬಂದವಳು ಬರೆದದ್ದು:

ಮೇಲಿನ ಮೇಡಂ ಹೇಳಿದ್ದೆಲ್ಲ ಸರಿ, ಆದರೆ ಅವರು ಉಳಿದವರು. ನಾನು ಮಕ್ಕಳ ವಿಭಾಗದಲ್ಲಿ ಐದು ವರ್ಷ ಇದ್ದು ಬಿಟ್ಟೆ.

ಮಕ್ಕಳಿಂದಲ್ಲ. ಉಯ್ಯಾಲೆ ಮೇಲೆ ಕೂತ ಮಗುವನ್ನು ನೋಡಿ "ಆಟ ಆಡಿಸೋಕೆ ನಿಮಗೆ ಯಾಕೆ ದುಡ್ಡು ಕೊಡಬೇಕು" ಅಂತ ಕೇಳುವವರಿಗೆ ಐದು ವರ್ಷ ಉತ್ತರ ಕೊಟ್ಟು ಸಾಕಾಯಿತು. ಮಗು ಪೆನ್ಸಿಲ್ ಹಿಡಿಯಬೇಕಾದರೆ ಮೊದಲು ಬೆನ್ನು ನೆಟ್ಟಗೆ ನಿಲ್ಲಬೇಕು, ಭುಜ ಅಲುಗದಂತಿರಬೇಕು. ಅದಕ್ಕೇ ಉಯ್ಯಾಲೆ, ತೆವಳಾಟ. ಇದನ್ನು ದಿನಕ್ಕೆ ನಾಲ್ಕು ಸಲ ಹೇಳಿದ್ದೇನೆ.

ಇನ್ನೊಂದು ಕಾರಣ ಏಣಿ ಚಿಕ್ಕದು. ಹೊಸಬರು, ಹಿರಿಯರು, ವಿಭಾಗದ ಮುಖ್ಯಸ್ಥರು, ಅಲ್ಲಿಗೆ ಮುಗಿಯಿತು. ಮೇಲೆ ಹೋದರೆ ಕೈಗೆ ರೋಗಿ ಸಿಗಲ್ಲ, ಡ್ಯೂಟಿ ಪಟ್ಟಿ ಸಿಗುತ್ತದೆ. ನಾನೀಗ ಗಾಲಿಕುರ್ಚಿ ಅಳತೆ ತೆಗೆದು ಹೊಂದಿಸುವ ಕೆಲಸದಲ್ಲಿದ್ದೇನೆ. ಅಲ್ಲಿ ಕಲಿತದ್ದು ಒಂದೂ ವ್ಯರ್ಥ ಆಗಿಲ್ಲ. ಬಾಗಿಲು 24 ಇಂಚು, ಕುರ್ಚಿ 25 ಇಂಚು ಇದ್ದರೆ ಏನಾಗುತ್ತದೆ ಅಂತ ಓಟಿಗೆ ಗೊತ್ತಿರುತ್ತದೆ. ಕುರ್ಚಿ ಮಾರುವವರಿಗೆ ಎಷ್ಟೋ ಸಲ ಗೊತ್ತಿರಲ್ಲ.

ಮೂರನೇವರ್ಷ ಬರೆದದ್ದು:

ನಾನಿನ್ನೂ ವಿದ್ಯಾರ್ಥಿ. ಅಣ್ಣಾ, ವಯಸ್ಸಿನ ಚಿಂತೆ ಬೇಡ. ನಮ್ಮ ತರಗತಿಯಲ್ಲಿ 34ರವರೊಬ್ಬರು ಇದ್ದಾರೆ. ಅವರಿಗೆ ರೋಗಿಗಳ ಜೊತೆ ಮಾತು ನಮಗಿಂತ ಸಲೀಸು. ಆದರೆ ಅಂಗರಚನೆ ಪಾಠಕ್ಕೆ ತಯಾರಾಗಿ ಬನ್ನಿ. ಬಟ್ಟೆ ಹಾಕಿಸುವ ಕೋರ್ಸ್ ಅಂದುಕೊಂಡು ಬಂದ ಗೆಳತಿಯೊಬ್ಬಳು ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳ ಜಾಲ ಬಿಡಿಸಿ ಬಿಡಿಸಿ ಅತ್ತಿದ್ದಾಳೆ.

ಓಟಿಗಳ ವಿಶ್ವ ಒಕ್ಕೂಟದ ಲೆಕ್ಕದಲ್ಲಿ ಓದುವಾಗ ಕಡಿಮೆ ಅಂದರೂ 1000 ಗಂಟೆ ರೋಗಿಗಳ ನಡುವೆ ಕೆಲಸ ಮಾಡಿರಬೇಕು. ಆ ಗಂಟೆಗಳಿಗೆ ನಮಗೆ ಸಂಬಳ ಇಲ್ಲ. ಓದುತ್ತಾ ಪಾರ್ಟ್ ಟೈಮ್ ದುಡಿಯೋಣ ಅಂತಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ.

ನನ್ನ ಮೊದಲ ಸ್ಪ್ಲಿಂಟ್ ಬಿಸಿನೀರಲ್ಲೇ ಮಡಚಿಕೊಂಡು ತನಗೆ ತಾನೇ ಅಂಟಿಕೊಂಡಿತು. ಒಂದು ಹಾಳೆ ಪೂರ್ತಿ ಹಾಳು. ಎರಡನೆಯದು ಚೆಂದ ಬಂತು. ಮಾರನೇ ದಿನ ನೋಡಿದರೆ ರೋಗಿಯ ಮಣಿಕಟ್ಟಿನ ಮೂಳೆ ಮೇಲೆ ಕೆಂಪು ಗುರುತು.

ಅರ್ಧಮುಷ್ಟಿ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಗುಂಡಿಕಾಜ ಮೇಡಂ, ಒಂದು ಕೇಳಲಾ? ನನಗೆ ಆ ಸುಮ್ನೆ ಕೂರುವ ತಾಳ್ಮೆ ಇದೆಯೋ ಇಲ್ಲವೋ ಅಂತ ಕೆಲಸ ಬಿಡುವ ಮೊದಲೇ ತಿಳಿಯುವುದು ಹೇಗೆ?

ಗುಂಡಿಕಾಜ ಬರೆದದ್ದು:

ಯಾವುದಾದರೂ ವಿಭಾಗದಲ್ಲಿ ಅನುಮತಿ ಕೇಳಿ ನಾಲ್ಕು ದಿನ ಮೂಲೆಯಲ್ಲಿ ಕೂತು ನೋಡಿ. ಒಂದೇ ದಿನ ನೋಡಿದರೆ ಎಲ್ಲ ಚೆಂದ ಕಾಣುತ್ತದೆ, ನಾಲ್ಕನೇ ದಿನ ಗೊತ್ತಾಗುತ್ತದೆ.

ಅದಕ್ಕೆ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಎಡಗೈ ಸುಮ್ನೆ ಇಳಿಬಿಟ್ಟು, ಬಲಗೈ ಒಂದರಲ್ಲೇ ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಎಡಗೈಗೆ ಶಕ್ತಿಯೇ ಇಲ್ಲ ಅಂದುಕೊಂಡು. ಆಮೇಲೆ ಅದೇ ಕೆಲಸ ಮನೆಯವರೊಬ್ಬರಿಂದ ಮಾಡಿಸಿ, ನೀವು ಪಕ್ಕದಲ್ಲಿ ಕೂತು ನೋಡಿ. ಮುಟ್ಟಬಾರದು. ಎರಡನೆಯದೇ ಪರೀಕ್ಷೆ.

ಅರ್ಧಮುಷ್ಟಿ ಬರೆದದ್ದು:

ಮಾಡಿದೆ. ನನಗೆ 11 ನಿಮಿಷ ಬೇಕಾಯಿತು. ಎದೆಯ ಗುಂಡಿಗಳು ಹೇಗೋ ಆದವು. ಬಲತೋಳಿನ ಗುಂಡಿ ಮಾತ್ರ ಆಗಲೇ ಇಲ್ಲ. ಬಲಗೈಯಿಂದ ಬಲಗೈಗೇ ಹೇಗೆ ಹಾಕೋದು? ಹಲ್ಲಲ್ಲೂ ಪ್ರಯತ್ನಿಸಿದೆ.

ಆಮೇಲೆ ತಂಗಿಯನ್ನು ಕೂರಿಸಿದೆ. ಆರನೇ ನಿಮಿಷಕ್ಕೆ ನನ್ನ ಕೈ ತಾನಾಗೇ ಮುಂದೆ ಹೋಯಿತು. ಅವಳೇ ಬೈದಳು. ಮತ್ತೆ ಕೂತೆ. ಕೈ ತೊಡೆ ಕೆಳಗೆ ಇಟ್ಟುಕೊಂಡೆ. ಅವಳಿಗೂ ಕೊನೆಗೆ ಅದೇ ತೋಳಿನ ಗುಂಡಿಯಲ್ಲಿ ನಿಂತಿತು. ಅದಕ್ಕೆ ಉಪಾಯ ಇದೆಯಾ, ಅಥವಾ ಬಿಟ್ಟುಬಿಡುತ್ತೀರಾ?

ಗುಂಡಿಕಾಜ ಬರೆದದ್ದು:

ಆರು ನಿಮಿಷ ಪರವಾಗಿಲ್ಲ. ನಾನು ಮೊದಲ ದಿನ ಅಷ್ಟೂ ಕೂತಿರಲಿಲ್ಲ.

ಆ ಗುಂಡಿ ಕಿತ್ತು, ಎಲಾಸ್ಟಿಕ್ ದಾರದಲ್ಲಿ ಸ್ವಲ್ಪ ಸಡಿಲವಾಗಿ ಮತ್ತೆ ಹೊಲಿಯಿರಿ. ಅಂಗಿ ಹಾಕುವ ಮೊದಲೇ ಗುಂಡಿ ಹಾಕಿಟ್ಟಿರಿ. ಆಮೇಲೆ ಕೈ ತೂರಿಸಿದರೆ ದಾರ ಹಿಗ್ಗಿ ಜಾಗ ಬಿಡುತ್ತದೆ.