ವಾರ್ ರೋಬೋಟ್ಸ್ ಆಡುವವರು ಹೇಳಿ: ದುಡ್ಡು ಹಾಕದೆ ಆಡೋಕೆ ಆಗುತ್ತಾ?

ಕಾಳಿ_ದಡ (ಕಾರವಾರ)

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ರಜೆಗೆ ಇಲ್ಲಿಗೆ ಬಂದವನು ನನ್ನ ಫೋನಿಗೂ ವಾರ್ ರೋಬೋಟ್ಸ್ ಅನ್ನುವ ರೋಬೋ ಯುದ್ಧದ ಆಟ ಹಾಕಿಕೊಟ್ಟು ಹೋದ, ಈಗ ಅವನು ಕುಮಟಾದಿಂದ, ನಾನು ಕೋಡಿಬಾಗದಿಂದ, ರಾತ್ರಿ ಊಟ ಆದಮೇಲೆ ಒಟ್ಟಿಗೆ ಆಡುತ್ತೇವೆ. ನನಗೆ ಆಟ ನಿಜವಾಗಿ ಹಿಡಿಸಿದೆ. ಆದರೆ ಒಂದಷ್ಟು ಮೇಲೆ ಬಂದಮೇಲೆ ಎದುರಿನವರ ರೋಬೋಗೆ ಎಷ್ಟು ಹೊಡೆದರೂ ಏನೂ ಆಗುವುದಿಲ್ಲ, ಅವರು ಎರಡು ಸಲ ಹೊಡೆದರೆ ನಮ್ಮದು ಪುಡಿ. ಹುಡುಗ ಈಗ ದುಡ್ಡು ಕೊಟ್ಟರೆ ರೋಬೋ, ಆಯುಧ ಸಿಗುವ ಒಂದು ಆಫರ್ ಪ್ಯಾಕ್ ತೆಗೆಸಿಕೊಡು ಮಾಮಾ ಅಂತ ಹಿಂದೆ ಬಿದ್ದಿದ್ದಾನೆ.

ಕೇಳಬೇಕಾಗಿದ್ದು ಇಷ್ಟೇ. ಇದರಲ್ಲಿ ಕೈಚಳಕಕ್ಕೆ ಬೆಲೆ ಇದೆಯಾ, ಇಲ್ಲ ಎಲ್ಲಾ ದುಡ್ಡಿನ ಮೇಲೇನಾ? ಒಂದು ಸಲ ಪ್ಯಾಕ್ ತೆಗೆದುಕೊಂಡರೆ ಸಾಕಾಗುತ್ತಾ? ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕಿನಲ್ಲಿ ಆಡೋಕೆ ಆಗುತ್ತಾ? ಆಡಿ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

---

ತೋಟದಾಚೆ (ಶಿರಸಿ)

ನಮಸ್ಕಾರ ಕಾರವಾರದವರೇ. ನಾನು ಈ ಆಟವನ್ನು ತುಂಬಾ ಕಾಲದಿಂದ ಆಡುತ್ತಿದ್ದೇನೆ, ಇವತ್ತಿಗೂ ಬಿಟ್ಟಿಲ್ಲ. ಹಾಗಾಗಿ ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಇದು 2014ರಲ್ಲಿ ಐಫೋನಿಗೆ ಬಂತು, ಆಗ ಹೆಸರು ವಾಕಿಂಗ್ ವಾರ್ ರೋಬೋಟ್ಸ್. ಆ ಹಳೇ ಹೆಸರಿನಲ್ಲಿರುವ ‘ವಾಕಿಂಗ್’ ಇದೆಯಲ್ಲ, ಆಟದ ಜೀವ ಇರುವುದೇ ಅಲ್ಲಿ. ಜಿಗಿಯುವ, ಹಾರುವ ಕೆಲವು ರೋಬೋ ಬಿಟ್ಟರೆ ಇಲ್ಲಿ ಯಾರೂ ಸುಮ್ನೆ ಓಡಾಡಿ ಗುಂಡು ಹೊಡೆಯುವುದಿಲ್ಲ. ರೋಬೋ ಭಾರ, ನಡಿಗೆ ನಿಧಾನ, ಒಂದು ಬಯಲಿಗೆ ಕಾಲಿಟ್ಟರೆ ವಾಪಸ್ ಗೋಡೆ ಹಿಂದೆ ಬರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಹಾಗಾಗಿ ಹೆಜ್ಜೆ ಇಡೋಕೆ ಮುಂಚೆ ಯೋಚನೆ ಮಾಡಲೇಬೇಕು.

ಆರು ಜನರ ಎದುರು ಆರು ಜನ, ಹತ್ತು ನಿಮಿಷ, ಒಬ್ಬೊಬ್ಬರ ಹ್ಯಾಂಗರಿನಲ್ಲಿ, ಅಂದರೆ ಪಂದ್ಯಕ್ಕೆ ತರುವ ರೋಬೋಗಳ ಕೊಟ್ಟಿಗೆಯಲ್ಲಿ, ಐದು ರೋಬೋ. ಮ್ಯಾಪಿನಲ್ಲಿ ಐದು ಬೀಕನ್, ಅಂದರೆ ಹೋಗಿ ನಿಂತು ವಶಮಾಡಿಕೊಳ್ಳುವ ಜಾಗಗಳು. ಯಾರ ಕೈಯಲ್ಲಿ ಜಾಸ್ತಿ ಬೀಕನ್ ಇದೆಯೋ ಎದುರಿನವರ ಪಾಯಿಂಟ್ ತೋರಿಸುವ ಪಟ್ಟಿ ಇಳಿಯುತ್ತಾ ಹೋಗುತ್ತದೆ. ಹೊಸಬರು ಇದನ್ನೇ ಮರೆಯುತ್ತಾರೆ. ಎಲ್ಲರೂ ನಡುವಿನಲ್ಲಿ ಗುದ್ದಾಡುತ್ತಿರುತ್ತಾರೆ, ಯಾರೋ ಒಬ್ಬ ಕೊಸಾಕ್ ಇಟ್ಟುಕೊಂಡವನು ಹಿಂದಿನಿಂದ ಹಾರಿಕೊಂಡು ಹೋಗಿ ಎರಡು ಬೀಕನ್ ಹಿಡಿದಿರುತ್ತಾನೆ. ಕೊಸಾಕ್ ಅಂದರೆ ಆಟದ ತೀರಾ ಆರಂಭದ ಪುಟ್ಟ ರೋಬೋ, ಅದಕ್ಕಿರುವುದು ಒಂದೇ ಆಯುಧ, ಆದರೆ ಮನೆ ಮೇಲಿಂದ ಜಿಗಿಯುತ್ತದೆ. ಸ್ಪ್ರಿಂಗ್‌ಫೀಲ್ಡ್ ಮ್ಯಾಪಿನಲ್ಲಿ ಅಂಥ ಒಬ್ಬ ಹುಷಾರಾದವನು ಒಂದೇ ಒಂದು ರೋಬೋ ಬೀಳಿಸದೆ ಪೂರ್ತಿ ಪಂದ್ಯ ತಿರುಗಿಸಿದ್ದನ್ನು ನೋಡಿದ್ದೇನೆ. ಕಬಡ್ಡಿಯಲ್ಲಿ ಜೋರು ಮೈಯವನಿಗಿಂತ ಗೆರೆ ನೋಡಿಕೊಂಡು ಆಡುವವನು ಪಾಯಿಂಟ್ ತರುವ ಹಾಗೆ.

ಆಯುಧದ ಲೆಕ್ಕಾಚಾರವೂ ಚೆಂದ. ಉದಾಹರಣೆಗೆ ಫುಜಿನ್ ಅನ್ನುವ ರೋಬೋ ಕಾಲು ಊರಿ ಕೂತರೆ ಸುತ್ತ ಎನರ್ಜಿ ಶೀಲ್ಡ್ ಬರುತ್ತದೆ. ಪನಿಷರ್ ಗುಂಡು, ಓರ್ಕನ್ ರಾಕೆಟ್ ಯಾವುದೂ ಒಳಗೆ ಹೋಗುವುದಿಲ್ಲ. ಹುಡುಗರು ದೂರದಲ್ಲಿ ನಿಂತು ಮ್ಯಾಗಜೀನ್ ಖಾಲಿ ಮಾಡಿ, ಈ ರೋಬೋ ದುಡ್ಡಿನದು, ಸಾಯುವುದೇ ಇಲ್ಲ ಅಂತ ಬೈಯುತ್ತಾರೆ. ಆದರೆ ಅದೇ ಶೀಲ್ಡನ್ನು ಮ್ಯಾಗ್ನಮ್ ಅಥವಾ ಟಾರನ್ನಿನ ಪ್ಲಾಸ್ಮಾ ದಾಟಿ ಹೋಗುತ್ತದೆ. ಪ್ಲಾಸ್ಮಾ ಇಲ್ಲವಾ, ಸೀದಾ ಶೀಲ್ಡಿನ ಒಳಗೇ ನಡೆದು ಹೋಗಿ ಮೈಗೆ ತಾಗಿಸಿ ಹೊಡೆಯಿರಿ. ಮ್ಯಾಗ್ನಮ್ ಮುಟ್ಟುವುದು 350 ಮೀಟರ್, ಜೆನಿತ್ 1100 ಮೀಟರ್. ಯಾವ ಆಯುಧಕ್ಕೆ ಎಷ್ಟು ದೂರ ಅಂತ ತಲೆಯಲ್ಲಿ ಕೂತುಬಿಟ್ಟರೆ ಅರ್ಧ ಆಟ ಬಂದ ಹಾಗೇ. ಇದಕ್ಕೆ ಯಾವ ಪ್ಯಾಕೂ ಬೇಡ.

ನೆಟ್‌ವರ್ಕಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಘಟ್ಟದ ಮೇಲೆ ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಅಂಥ ದಿನ ಆಟ ತೆರೆಯಲೇಬೇಡಿ. ನಡುವೆ ಕಡಿದು ಹೋದರೆ ನಿಮ್ಮ ಜೊತೆ ಆಡುವ ಐದು ಜನ ಒಬ್ಬರು ಕಡಿಮೆಯಾಗಿ ಸೋಲುತ್ತಾರೆ, ಅದು ಅವರಿಗೆ ಅನ್ಯಾಯ.

---

ಶರಾವತಿ_ಅಳಿವೆ (ಹೊನ್ನಾವರ)

ಶಿರಸಿಯವರು ಹೇಳಿದ್ದು ಪೂರ್ತಿ ನಿಜ, ಕೆಳಗಿನ ಲೀಗುಗಳಲ್ಲಿ (ಗೆದ್ದಂತೆ ಮೇಲೇರುವ, ಸೋತಂತೆ ಇಳಿಯುವ ಆಟಗಾರರ ಹಂತಗಳಿವು). ಮೇಲೆ ಹೋದಂತೆ ಕಥೆ ಬೇರೆ ಆಗುತ್ತದೆ, ಅದನ್ನು ಹುಡುಗನಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಲೆಕ್ಕ ನೋಡಿ. ಒಂದು ರೋಬೋ 12ನೇ ಲೆವೆಲ್ ತನಕ ಏರಬೇಕು. ಅದರ ಪ್ರತಿ ಆಯುಧವೂ 12ನೇ ಲೆವೆಲ್ ತನಕ. ಮುಗಿಯಿತಾ? ಇಲ್ಲ. ಆಮೇಲೆ ಅದನ್ನೇ ಎಂಕೆ2 ಅನ್ನುವ ಇನ್ನೂ ಬಲವಾದ ರೂಪಕ್ಕೆ ಏರಿಸಿ ಮತ್ತೆ ಒಂದರಿಂದ ಶುರು. ಇಂಥ ಐದು ರೋಬೋ ಬೇಕು. ಜೊತೆಗೆ ರೋಬೋ ನಡೆಸುವ ಪೈಲಟ್, ಜೊತೆಗೆ ಹಾರುವ ಡ್ರೋನ್, ಮೇಲಿನಿಂದ ನೆರವಾಗುವ ಮದರ್‌ಶಿಪ್, ದೈತ್ಯ ರೋಬೋ ಟೈಟಾನ್, ಎಲ್ಲಕ್ಕೂ ಬೇರೆ ಬೇರೆ ಏರಿಕೆ, ಬೇರೆ ಬೇರೆ ನಾಣ್ಯ. ಮೊದಲ ಲೆವೆಲ್‌ಗಳು ಬೇಗ ಆಗುತ್ತವೆ. ಮೇಲಿನವಕ್ಕೆ ದಿನಗಟ್ಟಲೆ ಕಾಯಬೇಕು, ಆಟದ ದಿನ ಅಲ್ಲ, ನಮ್ಮ ಕ್ಯಾಲೆಂಡರಿನ ದಿನ. ಕಾಯೋಕೆ ಆಗದವರು ಗೋಲ್ಡ್, ಅಂದರೆ ದುಡ್ಡಿಗೂ ಸಿಗುವ ಆಟದ ನಾಣ್ಯ, ಕೊಟ್ಟು ಮುಗಿಸಬಹುದು. ಅಂಗಡಿ ನಡೆಯುವುದೇ ಇಲ್ಲಿ. ಮಾರುತ್ತಿರುವುದು ನಮ್ಮ ತಾಳ್ಮೆ ಕಡಿಮೆಯಾಗುವ ಆ ಒಂದು ಗಳಿಗೆಯನ್ನು.

ಇನ್ನೊಂದು, ನನಗೆ ಜಾಸ್ತಿ ಬೇಜಾರು ತರಿಸುವುದು. ಹೊಸ ರೋಬೋ ಬರುವಾಗ ಹಳೆಯವಕ್ಕಿಂತ ಬಲವಾಗಿಯೇ ಬರುತ್ತದೆ. ಕೆಲವು ಕಾಲ ಎಲ್ಲರ ಹ್ಯಾಂಗರಿನಲ್ಲೂ ಅದೇ. ಆಮೇಲೆ ಬ್ಯಾಲೆನ್ಸ್ ಅಂತ ಅದರ ಬಲ ಇಳಿಸುತ್ತಾರೆ, ಅಷ್ಟರಲ್ಲಿ ಅದರ ಮೇಲಿನದು ಅಂಗಡಿಗೆ ಬಂದಿರುತ್ತದೆ. ಪ್ಲೇಯರುಗಳು ವರ್ಷಗಳಿಂದ ಇದನ್ನೇ ಹೇಳಿ ಜಗಳ ಮಾಡುತ್ತಿದ್ದಾರೆ. ಹಾಗಾಗಿ ‘ಒಂದು ಸಲ ಪ್ಯಾಕ್ ತೆಗೆದುಕೊಂಡರೆ ಸಾಕಾ’ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ, ಸಾಕಾಗಲ್ಲ. ಯಾವ ಪ್ಯಾಕೂ ಕೊನೇದಲ್ಲ.

ಇದರಿಂದ ಆಟಗಾರರೂ ಕೆಟ್ಟಿದ್ದಾರೆ. ಟ್ಯಾಂಕಿಂಗ್ ಅಂತಾರೆ. ಬಲವಾದ ಹ್ಯಾಂಗರ್ ಇದ್ದವನು ಬೇಕಂತಲೇ ಸೋತು ಸೋತು ಕೆಳಗಿನ ಲೀಗಿಗೆ ಇಳಿದು, ಅಲ್ಲಿ ನಿಮ್ಮಂಥ ಹೊಸಬರನ್ನು ಹುರಿದು ಹಾಕುತ್ತಾನೆ. ನೀವು ಹೇಳಿದ ‘ಎಷ್ಟು ಹೊಡೆದರೂ ಏನೂ ಆಗಲ್ಲ’ ಅನ್ನುವುದರಲ್ಲಿ ಒಂದಷ್ಟು ಇವರೇ ಇರಬಹುದು.

---

ಮೇಷ್ಟ್ರು_ಅಂಕೋಲಾ

ನಾನು ಈ ಆಟ ಆಡಿದವನಲ್ಲ, ನನ್ನ ಹೈಸ್ಕೂಲ್ ಹುಡುಗರು ಆಡುವುದನ್ನು ನೋಡಿ ಒಂದಷ್ಟು ಓದಿಕೊಂಡವನು. ದುಡ್ಡಿನ ಬಗ್ಗೆ ಎರಡು ಮಾತು.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾನೂನು ಮಾಡಿತಲ್ಲ, ಅದರಿಂದ ಇಂಥ ಆಟಗಳೆಲ್ಲ ನಿಂತುಹೋಗುತ್ತವೆ ಅಂತ ಕೆಲವು ಪೋಷಕರು ಅಂದುಕೊಂಡಿದ್ದಾರೆ. ಹಾಗಲ್ಲ. ಆ ಕಾನೂನು ನಿಷೇಧಿಸಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು. ಇಲ್ಲಿ ಹಾಕಿದ ದುಡ್ಡು ವಾಪಸ್ ಬರುವ ಮಾತೇ ಇಲ್ಲ. ಕಾನೂನು ಕಾಯುತ್ತದೆ ಅಂತ ನಾವು ಕೂರುವ ಹಾಗಿಲ್ಲ, ಮನೆಯವರೇ ನೋಡಿಕೊಳ್ಳಬೇಕು.

ಅದರಲ್ಲೂ ಒಳಗೇನಿದೆ ಅಂತ ಗೊತ್ತಿಲ್ಲದೆ ತೆರೆಯುವ ಪೆಟ್ಟಿಗೆಗಳ ಬಗ್ಗೆ ಹುಷಾರು. ಬೆಲ್ಜಿಯಂನಲ್ಲಿ 2018ರಲ್ಲೇ ಕೆಲವು ಆಟಗಳ ಇಂಥ ಪೆಟ್ಟಿಗೆಗಳನ್ನು ಜೂಜು ಅಂತ ಹೇಳಿದರು. ಆಪಲ್ 2017ರ ಕೊನೆಗೆ ಒಂದು ನಿಯಮ ತಂದಿತು, ದುಡ್ಡಿಗೆ ಮಾರುವ ಇಂಥ ಪೆಟ್ಟಿಗೆಯಲ್ಲಿ ಯಾವ ವಸ್ತು ಬರುವ ಸಾಧ್ಯತೆ ಎಷ್ಟು ಅಂತ ತೋರಿಸಲೇಬೇಕು. ಆಮೇಲೆ ಗೂಗಲ್ ಪ್ಲೇ ಕೂಡ ಅದನ್ನೇ ಮಾಡಿತು. ಹಾಗಾಗಿ ಆ ಶೇಕಡಾವಾರು ಪಟ್ಟಿ ಆಟದೊಳಗೇ ಇರುತ್ತದೆ, ಹುಡುಕಿ ತೆಗೆದು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಬ್ಬರೂ ಓದಿ. ಬೈಯುವುದಕ್ಕಿಂತ ಇದು ಕೆಲಸ ಮಾಡುತ್ತದೆ. ಪಿಯುಸಿ ಹುಡುಗನಿಗೆ ಸಂಭವನೀಯತೆ ಲೆಕ್ಕ ಬರುತ್ತದೆ ಅಲ್ವಾ, ಅವನೇ ಮಾಡಲಿ.

ಪ್ಲೇ ಸ್ಟೋರಿನ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಮಾಡಿ. ಅಲ್ಲೇ ತಿಂಗಳ ಬಜೆಟ್ ಇಡುವ ಜಾಗವೂ ಇದೆ, ಆದರೆ ಅದು ಎಚ್ಚರಿಸುತ್ತದೆ ಅಷ್ಟೇ, ಖರೀದಿ ತಡೆಯುವುದಿಲ್ಲ. ಅದನ್ನು ನಂಬಿ ಫೋನ್ ಕೊಡಬೇಡಿ.

---

ಕಾಳಿ_ದಡ (ಕಾರವಾರ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ಯಾಕ್ ಬೇಡ ಅಂತ ತೀರ್ಮಾನ ಮಾಡಿದೆ, ಮೇಷ್ಟ್ರು ಹೇಳಿದ ಹಾಗೆ ಪಟ್ಟಿ ತೆಗೆದು ಒಟ್ಟಿಗೆ ನೋಡುತ್ತೇವೆ. ಆದರೆ ಆಟ ಬಿಡೋಕೆ ಇಬ್ಬರಿಗೂ ಮನಸ್ಸಿಲ್ಲ. ಸುಮ್ನೆ ಇಷ್ಟಕ್ಕೇ ಆಡಬೇಕು ಅಂದರೆ ಹೇಗೆ ಆಡಬೇಕು? ಇದೇ ಥರದ ಬೇರೆ ಆಟ ಇದೆಯಾ?

---

ತೋಟದಾಚೆ (ಶಿರಸಿ)

ಬಿಡಬೇಡಿ ಮಾರಾಯ್ರೆ, ಚೆಂದದ ಆಟ ಅದು. ಒಂದೇ ಮಾತು ನೆನಪಿಟ್ಟುಕೊಳ್ಳಿ, ಲೀಗ್ ಏರುವುದನ್ನು ಗುರಿ ಮಾಡಿಕೊಳ್ಳಬೇಡಿ. ಮೇಲೆ ಏರಿದಷ್ಟೂ ಎದುರಿನವರು ದುಬಾರಿಯಾಗುತ್ತಾರೆ, ಅಷ್ಟೇ. ಐದೂ ರೋಬೋಗೆ ಬೆಳ್ಳಿ (ಏರಿಕೆಗೆ ಬೇಕಾಗುವ ಆಟದ ಇನ್ನೊಂದು ನಾಣ್ಯ) ಹಂಚಬೇಡಿ, ಎರಡನ್ನು ಆರಿಸಿಕೊಂಡು ಅವನ್ನೇ ಬೆಳೆಸಿ. ಒಂದು ಬೀಕನ್ ಹಿಡಿಯುವ ವೇಗದ್ದು, ಒಂದು ನಿಂತು ಹೊಡೆದಾಡುವಂಥದ್ದು. ಗೋಲ್ಡನ್ನು ಕಾಯುವ ಸಮಯ ಕಡಿಮೆ ಮಾಡೋಕೆ ಒಂದು ನಾಣ್ಯವೂ ಖರ್ಚು ಮಾಡಬೇಡಿ, ರಾತ್ರಿ ಮಲಗುವಾಗ ಅಪ್‌ಗ್ರೇಡ್ ಹಾಕಿ ಮಲಗಿ.

ಮಾಮ ಅಳಿಯ ಇಬ್ಬರೂ ಸ್ಕ್ವಾಡ್, ಅಂದರೆ ಒಂದೇ ಪಂದ್ಯಕ್ಕೆ ಒಟ್ಟಿಗೆ ಇಳಿಯುವ ಜೋಡಿ, ಮಾಡಿಕೊಂಡು, ಫೋನ್ ಕಾಲಿನಲ್ಲಿ ಮಾತಾಡುತ್ತಾ ಆಡಿ. ಒಬ್ಬ ಎದುರಿನವನ ಗಮನ ಸೆಳೆಯುವುದು, ಇನ್ನೊಬ್ಬ ಪಕ್ಕದಿಂದ ಹೊಡೆಯುವುದು. ಹೀಗೆ ಇಬ್ಬರು ಸೇರಿದರೆ ತಮಗಿಂತ ಎರಡು ಲೆವೆಲ್ ಮೇಲಿನವನನ್ನೂ ಬೀಳಿಸಬಹುದು, ಆ ಖುಷಿ ಅಂಗಡಿಯಲ್ಲಿ ಸಿಗಲ್ಲ.

---

ಶರಾವತಿ_ಅಳಿವೆ (ಹೊನ್ನಾವರ)

ಬೇರೆ ಆಟ ಅಂದರೆ ಮೆಕ್ ಅರೀನಾ ನೋಡಿ, 2021ರಲ್ಲಿ ಬಂದಿದ್ದು. ಐದು ಜನರ ಎದುರು ಐದು ಜನ, ಎರಡೆರಡು ಜನರದ್ದೂ ಇದೆ. ಪಂದ್ಯ ಚಿಕ್ಕದು, ನೆಟ್ ಕೈ ಕೊಡುವ ಊರಿಗೆ ಅದು ಒಳ್ಳೆಯದು. ಅಂಗಡಿ ಅಲ್ಲೂ ಇದೆ, ಅದು ಗೊತ್ತಿರಲಿ.

ಹುಡುಗನಿಗೆ ಇನ್ನೊಂದು ವಿಷಯ ಹೇಳಿ. ಕಂಪ್ಯೂಟರಿಗೆ ರೋಬೋಕ್ರಾಫ್ಟ್ ಅಂತ ಒಂದು ಆಟ ಇತ್ತು, ಬ್ಲಾಕ್ ಜೋಡಿಸಿ ನಾವೇ ರೋಬೋ ಕಟ್ಟಿ ಯುದ್ಧಕ್ಕೆ ಇಳಿಸುವುದು. ಅದೂ ಪುಕ್ಕಟೆ, ನನಗೆ ಬಹಳ ಇಷ್ಟ ಇತ್ತು. 2025ರಲ್ಲಿ ಅದನ್ನು ಮಾಡಿದ ಸ್ಟುಡಿಯೋನೇ ಮುಚ್ಚಿತು, ಸರ್ವರ್ ನಿಂತಿತು. ಜನ ವರ್ಷಗಟ್ಟಲೆ ಕಟ್ಟಿದ್ದು, ದುಡ್ಡು ಕೊಟ್ಟು ತಗೊಂಡಿದ್ದು ಎಲ್ಲಾ ಅದರ ಜೊತೆಗೇ ಹೋಯಿತು. ವಾರ್ ರೋಬೋಟ್ಸ್ ಇವತ್ತು ಚೆನ್ನಾಗಿ ನಡೆಯುತ್ತಿದೆ, ಆದರೆ ಅಲ್ಲಿ ತಗೊಂಡ ರೋಬೋ ಕೂಡ ಅವರ ಸರ್ವರಿನಲ್ಲೇ ಇರುವುದು.

ಇವತ್ತು ರಾತ್ರಿ ಮಳೆ ಇಲ್ಲದಿದ್ದರೆ ನಾನೂ ಇರುತ್ತೇನೆ. ಆಟದೊಳಗಿನ ಹೆಸರು ಮೆಸೇಜ್ ಮಾಡಿ, ಸ್ಕ್ವಾಡಿಗೆ ಸೇರಿಸಿಕೊಳ್ಳಿ. ಕೆಳಗಿನ ಲೀಗಿಗೆ ಸರಿಯಾಗುವ ಹಳೇ ರೋಬೋಗಳನ್ನೇ ತರುತ್ತೇನೆ.